ಲಕೋಟೆ ಹಿಂಡಿದಾಗ ಹೊರಬರುವ ಗಾಳಿ: ಅಪಾಯದ ಟಪಾಲನ್ನು ಯಂತ್ರ ಹೇಗೆ ಹಿಡಿಯುತ್ತದೆ?

ಪ್ರಶ್ನೆ: ದಾವಣಗೆರೆಯ ಸಂಸ್ಥೆಯೊಂದರ ಆವಕ-ಜಾವಕ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಇನ್ನೂರು, ಇನ್ನೂರೈವತ್ತು ಟಪಾಲು ಬರುತ್ತದೆ. ಮೊನ್ನೆ ಒಂದು ಲಕೋಟೆಯಿಂದ ಬೂದು-ಬಿಳಿ ಪುಡಿ ಉದುರಿ ಇಡೀ ಕಚೇರಿ ಗಾಬರಿಯಾಯಿತು. ಕೊನೆಗೆ ನೋಡಿದರೆ ಯಾರೋ ಸದಸ್ಯರು ಕಳಿಸಿದ ವಿಭೂತಿ. ಈಗ ಆಡಳಿತ ಮಂಡಳಿಯವರು ‘ಟಪಾಲಿನ ಎಲ್ಲ ಅಪಾಯ ಹಿಡಿಯುವ ಯಂತ್ರ’ ಕೊಳ್ಳುವ ಮಾತಾಡುತ್ತಿದ್ದಾರೆ. ಅಂಥದ್ದು ಇದೆಯೇ? ಅಮೆರಿಕದ ಅಂಚೆ ಕೇಂದ್ರಗಳಲ್ಲಿ ಇರುವುದು ಹೇಗೆ ಕೆಲಸ ಮಾಡುತ್ತದೆ? ಬೆದರಿಕೆ ಪತ್ರ ಬಂದರೆ ಅದು ಯಾವ ಪ್ರಿಂಟರಿನದು ಎಂದು ಕಂಡುಹಿಡಿಯಬಹುದಂತೆ, ನಿಜವೇ?

ಉತ್ತರ: ಎಲ್ಲ ಅಪಾಯ ಹಿಡಿಯುವ ಯಂತ್ರ ಇಲ್ಲ. ಇದೆ ಎಂದು ಯಾರಾದರೂ ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ‘ಇದು ಅಳೆಯುವುದು ಏನನ್ನು?’ ಲೋಹವನ್ನೋ, ಸಾಂದ್ರತೆಯನ್ನೋ, ಸ್ಫೋಟಕದ ಕಣವನ್ನೋ, ಒಂದು ನಿರ್ದಿಷ್ಟ ಜೀವಾಣುವಿನ ಡಿಎನ್‌ಎಯನ್ನೋ? ಒಂದೊಂದಕ್ಕೂ ಬೇರೆ ಬೇರೆ ಯಂತ್ರ ಬೇಕು, ಬೇರೆ ಬೇರೆ ಬೆಲೆ. ‘ಎಲ್ಲವನ್ನೂ’ ಎಂದರೆ ಅಲ್ಲಿಗೇ ಚಹಾ ಕೊಟ್ಟು ಕಳಿಸಿಬಿಡಿ.

ಅಮೆರಿಕದ ಯಂತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಹುಟ್ಟಿದ ಕಾರಣ ತಿಳಿದರೆ ನಿಮ್ಮ ಕಚೇರಿಗೆ ಏನು ಬೇಕು, ಏನು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ.

2001ರ ಸೆಪ್ಟೆಂಬರ್ 18 ಮತ್ತು ಅಕ್ಟೋಬರ್ 9ರ ಠಸ್ಸೆ ಬಿದ್ದ ಕೆಲವು ಪತ್ರಗಳು ನ್ಯೂಜೆರ್ಸಿಯ ಟ್ರೆಂಟನ್ ಭಾಗದಿಂದ ಹೊರಟವು. ಒಳಗಿದ್ದದ್ದು ಆಂಥ್ರಾಕ್ಸ್ ಬೀಜಾಣು, ಅಂದರೆ ಗಟ್ಟಿ ಸಿಪ್ಪೆಯೊಳಗೆ ನಿದ್ರಿಸುವ ರೋಗಾಣು. ನಮ್ಮ ಹಳ್ಳಿಗಳಲ್ಲಿ ದನಕುರಿಗೆ ಬರುವ ನೆರಡಿ ರೋಗ ಎನ್ನುತ್ತೇವಲ್ಲ, ಆಂಥ್ರಾಕ್ಸ್ ಎಂದರೆ ಅದೇ. ಒಟ್ಟು 22 ಮಂದಿಗೆ ಸೋಂಕು ತಗಲಿ ಐವರು ಸತ್ತರು. ಅವರಲ್ಲಿ ಇಬ್ಬರು ವಾಷಿಂಗ್ಟನ್‌ನ ಬ್ರೆಂಟ್‌ವುಡ್ ಅಂಚೆ ವಿಂಗಡಣಾ ಕೇಂದ್ರದ ನೌಕರರು, ಜೋಸೆಫ್ ಕರ್ಸೀನ್ ಮತ್ತು ಥಾಮಸ್ ಮಾರಿಸ್. ಅವರು ಆ ಪತ್ರವನ್ನು ತೆರೆದಿರಲೇ ಇಲ್ಲ. ಅದು ಅಂಟಿಸಿದ ಲಕೋಟೆಯಾಗಿಯೇ ಅವರ ಕಟ್ಟಡ ದಾಟಿ ಹೋಗಿತ್ತು. ಸೆನೆಟರ್ ಟಾಮ್ ಡ್ಯಾಶೆಲ್ ಅವರ ಕಚೇರಿಯಲ್ಲಿ ಅದನ್ನು ತೆರೆದದ್ದು ಅಕ್ಟೋಬರ್ 15ರಂದು. ಬ್ರೆಂಟ್‌ವುಡ್ ಮುಚ್ಚಿದ್ದು 21ರಂದು. ನಡುವೆ ಹೋದ ಆರು ದಿನಕ್ಕೆ ಕಾರಣ ಒಂದು ತಪ್ಪು ಊಹೆ: ಅಂಟಿಸಿದ ಲಕೋಟೆಯಿಂದ ಏನೂ ಹೊರಬರುವುದಿಲ್ಲ ಎಂಬುದು.

ಯಾಕೆ ತಪ್ಪು? ಬೀಜಾಣುವಿನ ಗಾತ್ರ ಒಂದರಿಂದ ಕೆಲವು ಮೈಕ್ರಾನ್, ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ. ಲಕೋಟೆಯ ಕಾಗದ ನಮಗೆ ಮುಚ್ಚಿದ ಗೋಡೆಯಂತೆ ಕಂಡರೂ ಸೂಕ್ಷ್ಮದರ್ಶಕದ ಕೆಳಗೆ ಅದು ನಾರಿನ ಚಾಪೆ, ಅದರ ತೂತುಗಳು ಬೀಜಾಣುವಿಗಿಂತ ದೊಡ್ಡವು. ಆದರೂ ಸುಮ್ಮನೆ ಮೇಜಿನ ಮೇಲೆ ಬಿದ್ದಿರುವ ಲಕೋಟೆಯಿಂದ ಹೊರಬರುವುದು ಕಡಿಮೆ. ಯಂತ್ರಕ್ಕೆ ಸಿಕ್ಕಾಗ ಕಥೆ ಬೇರೆ. ವಿಂಗಡಣಾ ಯಂತ್ರ ಗಂಟೆಗೆ 30 ಸಾವಿರಕ್ಕೂ ಹೆಚ್ಚು ಪತ್ರ ಸಾಗಿಸುತ್ತದೆ, ಅಂದರೆ ಸೆಕೆಂಡಿಗೆ ಎಂಟು-ಹತ್ತು. ಪ್ರತಿ ಪತ್ರವೂ ಎರಡು ರಬ್ಬರ್ ಬೆಲ್ಟುಗಳ ನಡುವೆ ಸಿಕ್ಕಿ, ಹಿಂಡಿಸಿಕೊಂಡು, ಸರಕ್ಕನೆ ತಿರುಗಿ ಮುಂದಕ್ಕೆ ಹಾರುತ್ತದೆ. ಕಬ್ಬಿನ ಗಾಣ ನೆನೆಸಿಕೊಳ್ಳಿ, ರಸದ ಬದಲು ಗಾಳಿ. ಲಕೋಟೆಯೊಳಗಿನ ಗಾಳಿ ಕಾಗದದ ತೂತಿನಿಂದಲೂ ಮಡಿಕೆಯ ಮೂಲೆಗಳಿಂದಲೂ ಪುಸ್ಸೆಂದು ಹೊರಬಂದು ಪುಡಿಯನ್ನೂ ಎಳೆದು ತರುತ್ತದೆ. ಅದರ ಮೇಲೆ ಇನ್ನೊಂದು ಅಭ್ಯಾಸವಿತ್ತು: ಯಂತ್ರದೊಳಗೆ ಕೂತ ಕಾಗದದ ಧೂಳನ್ನು ಕಂಪ್ರೆಸರ್ ಗಾಳಿ ಊದಿ ಶುಚಿ ಮಾಡುವುದು. ಕೆಳಗೆ ಕೂತಿದ್ದ ಬೀಜಾಣು ಮತ್ತೆ ಎದ್ದು ಇಡೀ ಹಾಲಿಗೆ ಹಬ್ಬಿತು. ಆಮೇಲೆ ಊದುವುದನ್ನು ನಿಲ್ಲಿಸಿ ಸೂಕ್ಷ್ಮ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸುವುದು ನಿಯಮವಾಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಿಂದ ಬಂದ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ಸುಧಾರಣೆ ಇದೇ.

ಇಷ್ಟು ಗೊತ್ತಾದ ಮೇಲೆ ಪತ್ತೆ ಯಂತ್ರವನ್ನು ಎಲ್ಲಿ ಇಡಬೇಕೆಂಬುದು ತಾನಾಗಿ ತೀರ್ಮಾನವಾಯಿತು: ಲಕೋಟೆ ಮೊದಲ ಸಲ ಹಿಂಡಿಸಿಕೊಳ್ಳುವ ಜಾಗದಲ್ಲಿ. ರಸ್ತೆಬದಿಯ ಪೆಟ್ಟಿಗೆಗೆ ಬಿದ್ದ ಪತ್ರಗಳೆಲ್ಲ ಮೊದಲು ಬರುವುದು, ಅವುಗಳ ಮುಖ ಒಂದೇ ಕಡೆ ತಿರುಗಿಸಿ ಸ್ಟ್ಯಾಂಪಿನ ಮೇಲೆ ಠಸ್ಸೆ ಹೊಡೆಯುವ ಯಂತ್ರಕ್ಕೆ. ಅದರ ಬೆಲ್ಟುಗಳು ಪತ್ರವನ್ನು ಕಚ್ಚುವ ಜಾಗದ ಮೇಲೆ ಒಂದು ಮುಚ್ಚಳ, ಅದರಿಂದ ಕೊಳವೆ, ಪಕ್ಕದಲ್ಲಿ ಕಪಾಟಿನಂಥ ಪೆಟ್ಟಿಗೆ. ಇದೇ ನಾರ್ಥ್‌ರಾಪ್ ಗ್ರಮ್ಮನ್ ಕಂಪನಿ ಅಮೆರಿಕದ ಅಂಚೆ ಇಲಾಖೆಗೆ ಕಟ್ಟಿಕೊಟ್ಟ ಜೈವಿಕ ಅಪಾಯ ಪತ್ತೆ ವ್ಯವಸ್ಥೆ. ಹೊರನೋಟಕ್ಕೆ ಏನೂ ವಿಶೇಷವಿಲ್ಲ. 2005ರ ಕೊನೆಯ ಹೊತ್ತಿಗೆ 280ಕ್ಕೂ ಹೆಚ್ಚು ಕೇಂದ್ರಗಳಲ್ಲಿ ಕೂತಿತು.

ಒಳಗೆ ನಡೆಯುವುದು ಇದು. ಪಂಪು ಮುಚ್ಚಳದ ಕೆಳಗಿನ ಗಾಳಿಯನ್ನು ನಿಮಿಷಕ್ಕೆ ನೂರಾರು ಲೀಟರಿನಂತೆ ಎಳೆಯುತ್ತದೆ. ಆ ಗಾಳಿ ಒದ್ದೆ ಗೋಡೆಯ ಗಾಜಿನ ಕೊಳವೆಯೊಳಗೆ ಸುಳಿಯಾಗಿ ಸುತ್ತುತ್ತದೆ. ಮಜ್ಜಿಗೆ ಕಡೆಯುವಾಗ ಪಾತ್ರೆಯ ಗೋಡೆಗೆ ಏರುವಂತೆ, ಸುತ್ತುವ ಗಾಳಿಯಲ್ಲಿರುವ ಕಣಗಳು ಹೊರಕ್ಕೆ ತಳ್ಳಿಸಿಕೊಂಡು ಗೋಡೆಯ ನೀರಿಗೆ ಅಂಟಿಕೊಳ್ಳುತ್ತವೆ. ಒಂದು ಗಂಟೆ ಹೀಗೆ ನಡೆದರೆ ಸಾವಿರಾರು ಲೀಟರ್ ಗಾಳಿಯಲ್ಲಿದ್ದದ್ದು ಕೆಲವೇ ಮಿಲಿಲೀಟರ್ ನೀರಿಗೆ ಇಳಿದಿರುತ್ತದೆ. ಆ ನೀರಿನ ಒಂದು ಪಾಲು ತಾನೇ ತಾನಾಗಿ ಪ್ಲಾಸ್ಟಿಕ್ ಕಾರ್ಟ್ರಿಜ್ ಸೇರುತ್ತದೆ, ಉಳಿದದ್ದು ಮರುಪರೀಕ್ಷೆಗೆ.

ಕಾರ್ಟ್ರಿಜ್ ಒಳಗಿನ ಕೆಲಸ ಹಿಂದೆ ಒಂದು ಪ್ರಯೋಗಾಲಯ, ಇಬ್ಬರು ತಂತ್ರಜ್ಞರು ಮಾಡುತ್ತಿದ್ದದ್ದು. ಬೀಜಾಣುವಿನ ಸಿಪ್ಪೆ ತುಂಬ ಗಟ್ಟಿ, ಸುಮ್ಮನೆ ಔಷಧಿ ಹಾಕಿದರೆ ಒಡೆಯುವುದಿಲ್ಲ. ಅದಕ್ಕಾಗಿ ಪುಟ್ಟ ಗಾಜಿನ ಮಣಿಗಳ ಜೊತೆ ಸೇರಿಸಿ ಶ್ರವಣಾತೀತ ಕಂಪನ ಕೊಡುತ್ತಾರೆ. ಸಿಪ್ಪೆ ಒಡೆದು ಡಿಎನ್‌ಎ ಹೊರಬರುತ್ತದೆ. ಆಮೇಲೆ ಪಿಸಿಆರ್: ಬಿಸಿ ಮಾಡು, ತಣಿಸು, ಮತ್ತೆ ಬಿಸಿ ಮಾಡು. ಪ್ರತಿ ಸುತ್ತಿಗೂ ಗುರಿಯ ಡಿಎನ್‌ಎ ತುಣುಕು ಎರಡರಷ್ಟಾಗುತ್ತದೆ. 30 ಸುತ್ತು ಮುಗಿಯುವಾಗ ಒಂದೇ ಒಂದು ತುಣುಕು ಲೆಕ್ಕದ ಪ್ರಕಾರ ನೂರು ಕೋಟಿ ದಾಟಿರುತ್ತದೆ. ಅವಕ್ಕೆ ಅಂಟಿದ ಬಣ್ಣ ಹೊಳೆಯುತ್ತದೆ, ಕಣ್ಣಿನಂಥ ಸಂವೇದಕ ಅದನ್ನು ಓದುತ್ತದೆ. ಇದಕ್ಕೆ ಅರ್ಧ ಗಂಟೆ. ಗಾಳಿ ಸಂಗ್ರಹದ ಒಂದು ಗಂಟೆ ಸೇರಿಸಿದರೆ ಒಟ್ಟು ಒಂದೂವರೆ ಗಂಟೆಯಾಯಿತು. ಫಲಿತಾಂಶ ಬರುವ ತನಕ ಆ ಗಂಟೆಯ ಟಪಾಲು ಕಟ್ಟಡ ಬಿಟ್ಟು ಹೊರಡುವಂತಿಲ್ಲ. ಪಾಸಿಟಿವ್ ಬಂದರೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಕ್ಕೆ ಕಳಿಸುತ್ತಾರೆ, ಉಳಿಸಿಟ್ಟ ನೀರು ಸರ್ಕಾರಿ ಪ್ರಯೋಗಾಲಯಕ್ಕೆ ಹೋಗುತ್ತದೆ.

ಈ ಕಾರ್ಟ್ರಿಜ್ ಯಂತ್ರ ನಮಗೆ ಅಪರಿಚಿತವೇನಲ್ಲ. ಅದರ ಹೆಸರು ಜೀನ್‌ಎಕ್ಸ್‌ಪರ್ಟ್, ತಯಾರಿಸಿದ್ದು ಸೆಫೀಡ್ ಕಂಪನಿ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಕ್ಷಯ ಪತ್ತೆಗೆ ‘ಸಿಬಿನ್ಯಾಟ್ ಮಾಡಿಸಿ’ ಎನ್ನುತ್ತಾರಲ್ಲ, ಅದೇ ಯಂತ್ರ. ಅಂಚೆ ಧೂಳಿನಲ್ಲಿ ಪಳಗಿದ ಈ ಯಂತ್ರವನ್ನು ರೋಗಿಗಳ ಕಫದ ಮೇಲೆ ಬೇರೆಯಾಗಿ ಪರೀಕ್ಷಿಸಿ ನೋಡಿದ ಮೇಲೆ, 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯ ಪತ್ತೆಗೂ ಒಪ್ಪಿಗೆ ಕೊಟ್ಟಿತು. ಗಟ್ಟಿ ಸಿಪ್ಪೆ ಒಡೆಯುವ ತಂತ್ರ ಕ್ಷಯದ ಜೀವಾಣುವಿನ ಮೇಣದಂಥ ಗೋಡೆಗೂ ಆಗಿಬಂತು.

ಇನ್ನು ಅದರ ಕೊರತೆಗಳು. ಮೊದಲನೆಯದು, ಯಾವ ಜೀವಾಣುವಿಗಾಗಿ ಕಾರ್ಟ್ರಿಜ್ ಮಾಡಿದೆಯೋ ಅದನ್ನಷ್ಟೇ ಅದು ಕಾಣುತ್ತದೆ. ರೈಸಿನ್ ವಿಷವನ್ನೇ ತೆಗೆದುಕೊಳ್ಳಿ, ಹರಳು ಬೀಜದಲ್ಲಿರುವ ಪ್ರೋಟೀನು ಅದು. (ಹೆದರಬೇಡಿ, ಮನೆಯ ಹರಳೆಣ್ಣೆಯಲ್ಲಿ ಇರುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ.) ಅದು ಜೀವಾಣುವಲ್ಲ, ಅದಕ್ಕೆ ಸ್ವಂತ ಡಿಎನ್‌ಎ ಇಲ್ಲ. 2013ರಲ್ಲಿ ಅಮೆರಿಕದ ಅಧ್ಯಕ್ಷರ ಹೆಸರಿಗೆ ರೈಸಿನ್ ಪತ್ರ ಬಂದಾಗ ಸಿಕ್ಕಿದ್ದು ಶ್ವೇತಭವನದಿಂದ ದೂರ ಇಟ್ಟಿರುವ ಪ್ರತ್ಯೇಕ ಟಪಾಲು ತಪಾಸಣಾ ಕೇಂದ್ರದಲ್ಲಿ. ಎರಡನೆಯದು, ಪಿಸಿಆರ್‌ಗೆ ಬದುಕಿದ ಬೀಜಾಣು, ಸತ್ತ ಬೀಜಾಣು ಎಂಬ ಭೇದವಿಲ್ಲ, ಡಿಎನ್‌ಎ ಇದ್ದರೆ ಸಾಕು. ಮೂರನೆಯದನ್ನು ಕಾರ್ಟ್ರಿಜ್ ಬಳಸುವ ಎಲ್ಲರೂ ಗಮನಿಸಬೇಕು: ಕಾಗದದ ಧೂಳು ಪಿಸಿಆರ್ ಕ್ರಿಯೆಗೆ ಅಡ್ಡಿ ಮಾಡುತ್ತದೆ. ಅಡ್ಡಿಯಾದಾಗ ‘ಏನೂ ಇಲ್ಲ’ ಎಂದು ಸುಳ್ಳು ಹೇಳಬಾರದಲ್ಲ? ಅದಕ್ಕೆ ಪ್ರತಿ ಕಾರ್ಟ್ರಿಜ್ ಒಳಗೂ ಒಂದು ಗೊತ್ತಿರುವ, ನಿರುಪದ್ರವಿ ಡಿಎನ್‌ಎ ಸಾಕ್ಷಿಯಾಗಿ ಕೂತಿರುತ್ತದೆ. ಅದು ಹೊಳೆಯದಿದ್ದರೆ ಯಂತ್ರ ‘ನೆಗೆಟಿವ್’ ಎನ್ನುವುದಿಲ್ಲ, ‘ಅಸಿಂಧು’ ಎನ್ನುತ್ತದೆ. ಅಸಿಂಧು ಎಂದರೆ ಪರೀಕ್ಷೆ ನಡೆದೇ ಇಲ್ಲ ಎಂದು ಅರ್ಥ. ಕ್ಷಯದ ವರದಿ ಹಿಡಿದು ‘ಏನೂ ಇಲ್ಲವಂತೆ’ ಎಂದು ಮನೆಗೆ ಹೋಗುವವರೂ ಈ ಪದವನ್ನು ಒಮ್ಮೆ ನೋಡಿಕೊಳ್ಳಬೇಕು.

ಇದು ನಿಮ್ಮ ಕಚೇರಿಗೆ ಬೇಕೇ? ಬೇಡ. ದಿನಕ್ಕೆ ಲಕ್ಷಗಟ್ಟಲೆ ಪತ್ರ ಹಿಂಡುವ ಜಾಗಕ್ಕೆ ಮಾಡಿದ ಯಂತ್ರ ಅದು. ನಿಮ್ಮಲ್ಲಿ ಹಿಂಡುವ ಬೆಲ್ಟೇ ಇಲ್ಲ, ಗಂಟೆಗೊಂದು ಕಾರ್ಟ್ರಿಜ್ ಖರ್ಚನ್ನು ಯಾವ ಆಡಳಿತ ಮಂಡಳಿಯೂ ಎರಡನೇ ವರ್ಷ ಮಂಜೂರು ಮಾಡುವುದಿಲ್ಲ.

ಅದರ ಬದಲು ನಿಮಗೆ ಮಾರಲು ಬರುವುದು ಪಟ್ಟಿ ಪರೀಕ್ಷೆ. ಗರ್ಭಪರೀಕ್ಷೆಯ ಪಟ್ಟಿಯಂಥದ್ದು, ಪುಡಿಯನ್ನು ದ್ರವದಲ್ಲಿ ಕದಡಿ ಹನಿ ಹಾಕಿದರೆ ಗೆರೆ ಮೂಡುತ್ತದೆ. ಕೊಳ್ಳಬೇಡಿ. ಗೆರೆ ಮೂಡಲು ಕನಿಷ್ಠ 10 ಸಾವಿರ ಬೀಜಾಣು ಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2001ರಲ್ಲಿ ಎಚ್ಚರಿಸಿತ್ತು. ಅದಕ್ಕಿಂತ ಕಡಿಮೆಯಿದ್ದರೆ ಪಟ್ಟಿ ಸುಮ್ಮನಿರುತ್ತದೆ, ಕಚೇರಿಯವರು ಧೈರ್ಯವಾಗಿ ಪುಡಿಯನ್ನು ಗುಡಿಸಿ ಹಾಕುತ್ತಾರೆ. ಇನ್ನೊಂದು ಕಡೆಯಿಂದಲೂ ಎಡವುತ್ತದೆ: ಆಂಥ್ರಾಕ್ಸ್ ಜೀವಾಣುವಿಗೆ ಹತ್ತಿರದ ಸಂಬಂಧಿಗಳಿವೆ. ರೈತರು ಹುಳಕ್ಕೆ ಸಿಂಪಡಿಸುವ ಬಿಟಿ ಪುಡಿ ಅದೇ ಕುಲದ್ದು, ಅದಕ್ಕೂ ಗೆರೆ ಮೂಡಬಹುದು. ಎಲ್ಲಕ್ಕಿಂತ ದೊಡ್ಡ ತೊಂದರೆ, ಪರೀಕ್ಷೆ ಮಾಡಬೇಕೆಂದರೆ ಪುಡಿಯನ್ನು ಕೆದಕಬೇಕು. ಮಾಡಬಾರದ ಒಂದೇ ಕೆಲಸ ಅದು. ನೆರಡಿಯಿಂದ ಸತ್ತ ದನವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ಸುಣ್ಣ ಹಾಕಿ ಆಳಕ್ಕೆ ಹೂಳಿ ಎಂದು ಪಶುವೈದ್ಯರು ಹೇಳುವುದೂ ಇದೇ ಲೆಕ್ಕದಲ್ಲಿ. ಒಳಗಿದ್ದದ್ದು ಗಾಳಿಗೆ ಬಂದಾಗಲೇ ತೊಂದರೆ ಶುರು.

ಎಕ್ಸ್‌ರೇ ಯಂತ್ರದ ಮಾತು ಬೇರೆ. ನ್ಯಾಯಾಲಯ, ವಿಮಾನ ನಿಲ್ದಾಣಗಳಲ್ಲಿ ಬ್ಯಾಗ್ ನುಂಗುವ ಯಂತ್ರದ ಚಿಕ್ಕ ಮಾದರಿಯೇ ಟಪಾಲಿಗೂ ಬರುತ್ತದೆ. ಎರಡು ಶಕ್ತಿಯ ಕಿರಣ ಹಾಯಿಸಿ, ಎಷ್ಟೆಷ್ಟು ಹೀರಿತು ಎಂದು ಹೋಲಿಸಿ ಬಣ್ಣ ಕೊಡುತ್ತದೆ: ಕಾಗದ, ಪ್ಲಾಸ್ಟಿಕ್, ಆಹಾರ, ಸ್ಫೋಟಕದಂಥ ಸಾವಯವ ಪದಾರ್ಥ ಕಿತ್ತಳೆ, ಲೋಹ ನೀಲಿ, ನಡುವಿನದು ಹಸಿರು. ಪಾರ್ಸೆಲ್ ಬಾಂಬಿನಲ್ಲಿ ನೋಡಬೇಕಾದದ್ದು ಒಂದೇ ವಸ್ತುವನ್ನಲ್ಲ, ಅವುಗಳ ಜೋಡಣೆಯನ್ನು: ಬ್ಯಾಟರಿ, ತಂತಿ, ಅದಕ್ಕೆ ತಾಗಿದ ಕಿತ್ತಳೆ ಗಡ್ಡೆ. ಅದಕ್ಕೆ ಈ ಯಂತ್ರ ಸರಿ. ಪುಡಿಯ ವಿಷಯದಲ್ಲಿ ಮಾತ್ರ ಅದು ಕುರುಡು. ಲಕೋಟೆಯ ಮೂಲೆಯಲ್ಲಿ ಏನೋ ಜಮಾಯಿಸಿದೆ ಎಂದು ತೋರಿಸಬಹುದು. ಅದು ವಿಭೂತಿಯೋ, ಸಕ್ಕರೆಯೋ, ಇನ್ನೇನೋ ಎಂದು ಹೇಳಲಾರದು. ಪರದೆ ನೋಡುವವರಿಗೆ ತರಬೇತಿ ಇಲ್ಲದಿದ್ದರೆ ಬಾಂಬನ್ನೂ ಹೇಳಲಾರದು.

ಕೆಲವರು ‘ಟಪಾಲನ್ನೆಲ್ಲ ಕಿರಣಕ್ಕೆ ಒಡ್ಡಿ ಶುದ್ಧ ಮಾಡಬಾರದೇಕೆ’ ಎನ್ನುತ್ತಾರೆ. ವಾಷಿಂಗ್ಟನ್‌ನ ಸರ್ಕಾರಿ ಕಚೇರಿಗಳ ಟಪಾಲಿಗೆ 2001ರ ನಂತರ ಮಾಡಿದ್ದು ಅದನ್ನೇ, ಎಲೆಕ್ಟ್ರಾನ್ ಕಿರಣದಿಂದ. ಆದರೆ ಪ್ರಮಾಣ ಗಮನಿಸಿ. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನಹಣ್ಣಿಗೆ ಹುಳ ಬೆಳೆಯದಂತೆ ಕೊಡುವ ಕನಿಷ್ಠ ಪ್ರಮಾಣ 400 ಗ್ರೇ (ಹೀರಿಕೊಂಡ ಕಿರಣದ ಅಳತೆ). ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಂಥ ಘಟಕವಿದೆ. ಬೀಜಾಣು ಕೊಲ್ಲಲು ಅದರ ನೂರು ಪಟ್ಟಿನ ಆಸುಪಾಸು ಬೇಕು. ಅಷ್ಟು ಬಿದ್ದ ಕಾಗದ ಹಳದಿಯಾಗಿ ಹಪ್ಪಳದಂತೆ ಮುರಿಯುತ್ತದೆ, ಪ್ಲಾಸ್ಟಿಕ್ ಕಿಟಕಿಯ ಲಕೋಟೆ ಒಂದಕ್ಕೊಂದು ಅಂಟುತ್ತದೆ, ಫೋಟೊ ಫಿಲಂ ಹಾಳಾಗುತ್ತದೆ, ಬಿತ್ತನೆ ಬೀಜ ಮೊಳೆಯುವುದಿಲ್ಲ.

ಇನ್ನು ಪ್ರಿಂಟರಿನ ಪ್ರಶ್ನೆ. ಅಪಾಯದ ಟಪಾಲಿಗೂ ಮುದ್ರಣ ಯಂತ್ರಕ್ಕೂ ನಂಟು ನೀವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. 2001ರ ಪತ್ರಗಳಲ್ಲಿ ಬೆರಳಿನ ಗುರುತು ಕೆಲಸಕ್ಕೆ ಬರಲಿಲ್ಲ, ಲಕೋಟೆಯ ಮುದ್ರಣ ಬಂತು. ಅವು ಅಂಚೆ ಕಚೇರಿಯಲ್ಲೇ ಮಾರುವ, 34 ಸೆಂಟಿನ ಗರುಡನ ಚಿತ್ರ ಅಚ್ಚಾದ ಲಕೋಟೆಗಳು. ಒಟ್ಟು ಅಚ್ಚಾದದ್ದು ಸುಮಾರು 4.5 ಕೋಟಿ. ಅವನ್ನು ಅಚ್ಚು ಹಾಕಿದ್ದು ಮೃದುವಾದ ಪಾಲಿಮರ್ ಪ್ಲೇಟಿನಿಂದ. ಪ್ಲೇಟಿನಲ್ಲಿ ಒಂದು ಚಿಕ್ಕ ಗೀರು ಬಿದ್ದರೆ, ಅಕ್ಷರದ ಅಂಚು ಒಂದಿಷ್ಟು ತಿಂದುಹೋದರೆ, ಆ ಕುಂದು ಸಿಲಿಂಡರ್ ಒಂದು ಸುತ್ತು ಬಂದಾಗಲೆಲ್ಲ ಮತ್ತೆ ಬೀಳುತ್ತದೆ. ಪ್ಲೇಟ್ ಬದಲಾಯಿಸಿದಾಗ ಮಾಯವಾಗುತ್ತದೆ. ಹಾಗಾಗಿ ಕುಂದು ಎಂದರೆ ದಿನಾಂಕ ಇದ್ದ ಹಾಗೆ. ತನಿಖಾಧಿಕಾರಿಗಳು ಅದೇ ಕುಂದಿರುವ ಲಕೋಟೆಗಳು ಯಾವ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋದವು ಎಂದು ಬೆನ್ನು ಹತ್ತಿ ಮೇರಿಲ್ಯಾಂಡ್ ಮತ್ತು ವರ್ಜೀನಿಯಾದ ಅಂಚೆ ಕಚೇರಿಗಳವರೆಗೆ ಬಂದರು. ನಮ್ಮ ಪ್ರೆಸ್ಸಿನವರಿಗೆ ಇದು ಹೊಸದಲ್ಲ. ವೇಗವಾಗಿ ಓಡುವ ಕಾಗದದ ಮೇಲೆ ಮಿಂಚುದೀಪ ಹೊಡೆದು ಪ್ರತಿ ಸುತ್ತಿನ ಚಿತ್ರ ತೆಗೆದು, ಸರಿಯಾದ ಮಾದರಿಯ ಜೊತೆ ಹೋಲಿಸುವ ಕ್ಯಾಮೆರಾ ಇರುವುದೇ ಇಂಥ ಕುಂದು ಹಿಡಿಯಲು. ಅದರ ದಾಖಲೆ ಉಳಿಸಿಟ್ಟರೆ ಯಾವ ಹೊತ್ತಿನಲ್ಲಿ ಅಚ್ಚಾದ ಹಾಳೆ ಎಂದು ಆಮೇಲೆ ಹೇಳಲು ಬರುತ್ತದೆ.

ಅದೇ ಪ್ರಕರಣದಲ್ಲಿ ಒಳಗಿನ ಪತ್ರಗಳು ಜೆರಾಕ್ಸ್ ಪ್ರತಿಗಳಾಗಿದ್ದವು. ಅನೇಕ ಕಾಪಿಯರುಗಳಿಂದ ಮಾದರಿ ತೆಗೆದು ಹೋಲಿಸಿದರೂ ಯಾವುದೂ ಹೊಂದಲಿಲ್ಲ. ಗಾಜು ಒರೆಸಿದರೆ, ಡ್ರಮ್ (ಶಾಯಿಪುಡಿಯನ್ನು ಹಾಳೆಗೆ ದಾಟಿಸುವ ಉರುಳೆ) ಬದಲಾಯಿಸಿದರೆ ಸಾಕ್ಷ್ಯವೂ ಹೋಗುತ್ತದೆ. ಶಂಕಿತ ವಿಜ್ಞಾನಿ 2008ರಲ್ಲಿ ತೀರಿಕೊಂಡದ್ದರಿಂದ ಪ್ರಕರಣ ನ್ಯಾಯಾಲಯ ಕಾಣಲೇ ಇಲ್ಲ. ವಿಜ್ಞಾನದ ಪುರಾವೆಯೊಂದರಿಂದಲೇ ಬೀಜಾಣುವಿನ ಮೂಲವನ್ನು ಖಚಿತವಾಗಿ ಹೇಳಲಾಗದು ಎಂದು ಅಲ್ಲಿನ ವಿಜ್ಞಾನ ಅಕಾಡೆಮಿ 2011ರಲ್ಲಿ ಹೇಳಿತು.

ಈ ಗುರುತುಗಳನ್ನು ನೀವೂ ಅಳತೆಪಟ್ಟಿ ಹಿಡಿದು ಓದಬಹುದು. ನಿಮ್ಮ ಯಂತ್ರ ಕೆಟ್ಟಾಗ ಮೆಕ್ಯಾನಿಕ್ ಬರುವ ಮೊದಲೇ ಇದು ಕೆಲಸಕ್ಕೆ ಬರುತ್ತದೆ. ಪ್ರತಿ ಪ್ರತಿಯಲ್ಲೂ ಅದೇ ಜಾಗದಲ್ಲಿ ಒಂದೇ ಚುಕ್ಕಿ ಇದ್ದರೆ ಅದು ಗಾಜಿನ ಮೇಲಿನ ಕೊಳೆ. ಹಾಳೆಯುದ್ದಕ್ಕೂ ನೇರ ಗೆರೆ ಬಂದರೆ, ಅದೂ ಮೇಲಿನ ಟ್ರೇಯಿಂದ ತಾನೇ ಎಳೆದುಕೊಂಡಾಗ ಮಾತ್ರ ಬಂದರೆ, ಪಕ್ಕದ ಸಣ್ಣ ಗಾಜಿನ ಪಟ್ಟಿಯ ಮೇಲೆ ಅಂಟೋ ವೈಟ್ನರೋ ಒಣಗಿ ಕೂತಿದೆ. ಒಂದೇ ಹಾಳೆಯಲ್ಲಿ ಕಲೆ ಸಮ ಅಂತರದಲ್ಲಿ ಮರುಕಳಿಸಿದರೆ ಯಾವುದೋ ಉರುಳೆಯ ಕೆಲಸ. ಅಂತರ ಅಳೆಯಿರಿ: 24 ಮಿ.ಮೀ. ವ್ಯಾಸದ ಡ್ರಮ್ ಆದರೆ ಸುಮಾರು 75 ಮಿ.ಮೀ.ಗೊಮ್ಮೆ, 30 ಮಿ.ಮೀ.ದಾದರೆ 94 ಮಿ.ಮೀ.ಗೊಮ್ಮೆ ಬೀಳುತ್ತದೆ. ಪ್ರಿಂಟರಿನ ಟೋನರ್ ಕಾರ್ಟ್ರಿಜ್ ಬದಲಾಯಿಸಿದ ಮೇಲೂ ಉಳಿದರೆ ಅದು ಕಾರ್ಟ್ರಿಜಿನ ಡ್ರಮ್ ಅಲ್ಲ, ಬಿಸಿ ಮಾಡುವ ಫ್ಯೂಸರ್ ಕಡೆ ನೋಡಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇನ್ನೂ ಸೂಕ್ಷ್ಮಕ್ಕೆ ಹೋದರು. ಗೇರಿನ ಹಲ್ಲು, ಮೋಟಾರಿನ ವೇಗದ ಏರಿಳಿತದಿಂದ ಮುದ್ರಣದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪಟ್ಟೆಗಳು ಬೀಳುತ್ತವೆ, ಅವುಗಳ ಅಂತರದಿಂದ ಪ್ರಿಂಟರಿನ ಮಾದರಿ ಗುರುತಿಸಬಹುದು ಎಂದು ತೋರಿಸಿದರು.

ನೀವು ಕೇಳಿರುವುದು ಪ್ರಾಯಶಃ ಹಳದಿ ಚುಕ್ಕಿಯ ಸಂಗತಿ. ಹೌದು, ನಿಜ, ಅನೇಕ ಕಲರ್ ಲೇಸರ್ ಪ್ರಿಂಟರುಗಳ ಮಟ್ಟಿಗೆ. ಖೋಟಾ ನೋಟು ತಡೆಯಲೆಂದು ತಯಾರಕರು ಹಾಳೆಯ ತುಂಬ 0.1 ಮಿ.ಮೀ. ಗಾತ್ರದ ಹಳದಿ ಚುಕ್ಕಿಗಳನ್ನು ಇಡುತ್ತಿದ್ದರು. ಬಿಳಿ ಹಾಳೆಯ ಮೇಲೆ ಹಳದಿ ಕಣ್ಣಿಗೆ ಕಾಣುವುದಿಲ್ಲ. ನೀಲಿ ಎಲ್‌ಇಡಿ ಬೆಳಕು ಬಿಟ್ಟು ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಅವು ಕಪ್ಪಾಗಿ, ಎಳ್ಳು ಚೆಲ್ಲಿದಂತೆ ಎದ್ದು ಕಾಣುತ್ತವೆ. 2005ರಲ್ಲಿ ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಜೆರಾಕ್ಸ್ ಡಾಕ್ಯುಕಲರ್ ಯಂತ್ರಗಳ ಚುಕ್ಕಿಯನ್ನು ಬಿಡಿಸಿ ಓದಿತು. 15 ಕಂಬ, 8 ಸಾಲಿನ ಜಾಲ ಅದು. ಕೆಳಗಿನಿಂದ ಮೇಲಕ್ಕೆ ಸಾಲುಗಳ ಬೆಲೆ 1, 2, 4, 8, 16, 32, 64, ಎಲ್ಲಕ್ಕಿಂತ ಮೇಲಿನದು ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವ ಸಾಲು. ನಿಮಿಷದ ಕಂಬದಲ್ಲಿ 1, 4, 16, 32ರ ಜಾಗದಲ್ಲಿ ಚುಕ್ಕಿ ಇದ್ದರೆ ಕೂಡಿ: 53ನೇ ನಿಮಿಷ. ಒಂದು ಕಂಬದ ಒಟ್ಟು ಚುಕ್ಕಿ ಬೆಸ ಸಂಖ್ಯೆ ಆಗಬೇಕು. ಇಲ್ಲಿ ನಾಲ್ಕೇ ಇರುವುದರಿಂದ ಮೇಲಿನ ಸಾಲಿನಲ್ಲಿ ಐದನೆಯದೊಂದು ಇರಬೇಕು, ಇಲ್ಲದಿದ್ದರೆ ಓದಿದ್ದು ತಪ್ಪು. ಹೀಗೆ ಗಂಟೆ, ದಿನ, ತಿಂಗಳು, ವರ್ಷ, ಯಂತ್ರದ ಕ್ರಮಸಂಖ್ಯೆ. ಎಲ್ಲ ಕಂಪನಿಯದೂ ಇದೇ ವಿನ್ಯಾಸವಲ್ಲ.

ಆದರೆ ಇದರಿಂದ ಸಿಗುವುದು ಯಂತ್ರದ ಸಂಖ್ಯೆ, ಮನುಷ್ಯನ ಹೆಸರಲ್ಲ. ಸಂಖ್ಯೆಯಿಂದ ಕೊಂಡವರಿಗೆ ಹೋಗಲು ತಯಾರಕರ, ಮಾರಾಟಗಾರರ ದಾಖಲೆ ಬೇಕು, ಅದು ಪೊಲೀಸರ ಕೆಲಸ. ಪ್ರಿಂಟರಿನ ಗಡಿಯಾರ ತಪ್ಪಿದ್ದರೆ ಸಮಯವೂ ತಪ್ಪು. 2017ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯ ಗುಪ್ತ ದಾಖಲೆಯೊಂದು ಪತ್ರಿಕೆಗೆ ಸೋರಿದಾಗ ಪ್ರಕಟವಾದ ಪ್ರತಿಯಲ್ಲಿ ಈ ಚುಕ್ಕಿಗಳಿದ್ದವು ಎಂದು ಎಲ್ಲ ಕಡೆ ಸುದ್ದಿಯಾಯಿತು. ತನಿಖಾಧಿಕಾರಿ ನ್ಯಾಯಾಲಯಕ್ಕೆ ಕೊಟ್ಟ ಪ್ರಮಾಣಪತ್ರ ಓದಿದರೆ ಸೋರಿಸಿದವರನ್ನು ಹಿಡಿದ ಹಾದಿ ಇನ್ನೂ ಸರಳ: ಆ ದಾಖಲೆಯನ್ನು ಮುದ್ರಿಸಿದ್ದು ಆರು ಮಂದಿ ಎಂದು ಕಂಪ್ಯೂಟರ್ ದಾಖಲೆ ಹೇಳಿತು, ಆರರಲ್ಲಿ ಒಬ್ಬರ ಕಂಪ್ಯೂಟರಿನಿಂದ ಆ ಪತ್ರಿಕೆಗೆ ಇಮೇಲ್ ಹೋಗಿತ್ತು.

ನಿಮ್ಮ ಕಚೇರಿಗೂ ಅದೇ ದಾರಿ ಸುಲಭ. ವಿಂಡೋಸ್ ಕಂಪ್ಯೂಟರಿನ ಈವೆಂಟ್ ವ್ಯೂವರ್ ಒಳಗೆ ಪ್ರಿಂಟ್‌ಸರ್ವಿಸ್ ಎಂಬಲ್ಲಿ ಆಪರೇಷನಲ್ ಲಾಗ್ ಇರುತ್ತದೆ. ಸಾಮಾನ್ಯವಾಗಿ ಅದು ಬಂದ್ ಆಗಿರುತ್ತದೆ. ಚಾಲೂ ಮಾಡಿಸಿದರೆ ಪ್ರತಿ ಮುದ್ರಣಕ್ಕೂ 307 ಸಂಖ್ಯೆಯ ಒಂದು ನಮೂದು ಬೀಳುತ್ತದೆ: ಯಾರು, ಯಾವ ಪ್ರಿಂಟರ್, ಎಷ್ಟು ಪುಟ. ಇಟ್ಟ ಜಾಗ ತುಂಬಿದರೆ ಹಳೆಯದು ಅಳಿಯುತ್ತದೆ, ಗಾತ್ರ ಹೆಚ್ಚಿಸಿಕೊಳ್ಳಿ. ಜೊತೆಗೆ ತಿಂಗಳಿಗೊಮ್ಮೆ ಪ್ರತಿ ಪ್ರಿಂಟರಿನಿಂದ ಒಂದು ಪರೀಕ್ಷಾ ಹಾಳೆ ತೆಗೆದು ಕ್ರಮಸಂಖ್ಯೆ, ದಿನಾಂಕ ಬರೆದು ಕಡತಕ್ಕೆ ಸೇರಿಸಿ. ‘ಈ ಪತ್ರ ನಿಮ್ಮ ಕಚೇರಿಯದೇ’ ಎಂಬ ಆರೋಪ ಬಂದ ದಿನ ಆ ಕಡತಕ್ಕೆ ಬೆಲೆ ಬರುತ್ತದೆ. ಸಿಬ್ಬಂದಿಗೆ ಮೊದಲೇ ತಿಳಿಸಿ ಮಾಡಿ, ಕದ್ದು ಬೇಡ.

ಕೊನೆಯದಾಗಿ, ಯಂತ್ರದ ದುಡ್ಡಿನಲ್ಲಿ ಏನು ಮಾಡಬಹುದು. ಟಪಾಲು ತೆರೆಯಲು ಬಾಗಿಲಿರುವ ಒಂದು ಪ್ರತ್ಯೇಕ ಚಿಕ್ಕ ಕೋಣೆ. ಸೀಲಿಂಗ್ ಫ್ಯಾನ್ ಬೇಡ, ಇಡೀ ಕಟ್ಟಡಕ್ಕೆ ಹಂಚುವ ಎಸಿ ಗಾಳಿಯ ಕಿಂಡಿಯೂ ಬೇಡ. ಒರೆಸಲು ಬರುವ ಮೇಜು, ಲಕೋಟೆ ಕತ್ತರಿಸುವ ಚಾಕು, ನೈಟ್ರೈಲ್ ಕೈಗವಸು, ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಚೀಲ, ಹತ್ತಿರದಲ್ಲೇ ನಲ್ಲಿ ಮತ್ತು ಸಾಬೂನು. ಲಕೋಟೆಯನ್ನು ಕೈಯಿಂದ ಹರಿದು ಒಳಗೆ ಊದಿ ನೋಡುವ ಅಭ್ಯಾಸ ನಮ್ಮ ಎಲ್ಲ ಕಚೇರಿಗಳಲ್ಲೂ ಇದೆ, ಮೊದಲು ಅದನ್ನು ಬಿಡಿಸಿ.

ಕಳಿಸಿದವರ ವಿಳಾಸವಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಸ್ಟ್ಯಾಂಪು, ಎಣ್ಣೆ ಕಲೆ, ಒಂದೇ ಕಡೆ ಭಾರ, ಮೂಲೆಯಲ್ಲಿ ಪುಡಿ: ಪುಡಿ ಬಿಟ್ಟು ಬೇರೆ ಒಂದೇ ಇದ್ದರೆ ಅನುಮಾನ ಬೇಡ, ಪುಡಿ ಕಂಡರೆ ಅಥವಾ ಎರಡು-ಮೂರು ಸೇರಿದರೆ ತೆರೆಯಬೇಡಿ. ಪುಡಿ ಬಿದ್ದೇಬಿಟ್ಟಿತು ಅನ್ನಿ. ಲಕೋಟೆಯನ್ನು ಇದ್ದಲ್ಲೇ ಮೆಲ್ಲಗೆ ಇಡಿ, ಅಲುಗಾಡಿಸಬೇಡಿ, ಮೂಸಬೇಡಿ. ಕೈಗೆ ಸಿಕ್ಕ ಕಾಗದವನ್ನೋ ಬಟ್ಟೆಯನ್ನೋ ಮೇಲೆ ಮುಚ್ಚಿ. ಫ್ಯಾನು, ಎಸಿ ಆರಿಸಿ. ಹೊರಬಂದು ಬಾಗಿಲು ಹಾಕಿ, ಮತ್ತೆ ಯಾರನ್ನೂ ಒಳಗೆ ಬಿಡಬೇಡಿ. ಸಾಬೂನು-ನೀರಿನಿಂದ ಕೈ ತೊಳೆಯಿರಿ. ಸ್ಯಾನಿಟೈಸರ್ ಸಾಲದು, ಆಲ್ಕೋಹಾಲಿಗೆ ಬೀಜಾಣು ಸಾಯುವುದಿಲ್ಲ. ಬಟ್ಟೆಯ ಮೇಲೆ ಬಿದ್ದಿದ್ದರೆ ಕೊಡವದೆ ಬಿಚ್ಚಿ ಚೀಲಕ್ಕೆ ಹಾಕಿ. ಆಮೇಲೆ 112. ಪಾರ್ಸೆಲಿನಲ್ಲಿ ಬಾಂಬ್ ಇರಬಹುದೆಂಬ ಅನುಮಾನವಿದ್ದರೆ ಇದಾವುದನ್ನೂ ಮಾಡಬೇಡಿ. ಮುಚ್ಚಬೇಡಿ, ನೀರಿಗೆ ಹಾಕಬೇಡಿ, ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ದೂರ ಹೋದ ಮೇಲೆ ಫೋನ್ ಮಾಡಿ.

ಇಲ್ಲೆಲ್ಲ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದೇ. ಲಕೋಟೆಯನ್ನು ಹಿಡಿದುಕೊಂಡು ‘ಸಾರ್, ಇದು ನೋಡಿ’ ಎಂದು ಮೇಲಧಿಕಾರಿಯ ಕೋಣೆಯವರೆಗೂ ಹೋಗುವುದು, ದಾರಿಯಲ್ಲಿ ನಾಲ್ಕು ಜನ ಫೋಟೊ ತೆಗೆಯುವುದು. ಪುಡಿ ಒಂದು ಕೋಣೆಯಲ್ಲಿ ಇದ್ದದ್ದು ಐದು ಕೋಣೆಗೆ ಹಬ್ಬುತ್ತದೆ. ಅದರ ಬದಲು ಬಾಗಿಲ ಹೊರಗೆ ನಿಂತು ಆ ಹೊತ್ತಿನಲ್ಲಿ ಕೋಣೆಯೊಳಗೆ ಇದ್ದವರ ಹೆಸರು, ಫೋನ್ ಸಂಖ್ಯೆ, ಎಷ್ಟು ಹೊತ್ತಿಗೆ ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. 2001ರಲ್ಲಿ ಸುಮಾರು 10 ಸಾವಿರ ಮಂದಿಗೆ 60 ದಿನ ಆಂಟಿಬಯೋಟಿಕ್ ತೆಗೆದುಕೊಳ್ಳಲು ಹೇಳಬೇಕಾಯಿತು. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವೈದ್ಯರು ತೀರ್ಮಾನಿಸಲು ಮೊದಲು ಕೇಳುವುದು ಆ ಹಾಳೆಯನ್ನೇ.